ಒಂದಕ್ಕೆ ಕೂರುವ ವಿಚಾರ

ಯಾರದಾದರೂ ಮನೆಗೆ ಹೋದಾಗ ನನ್ನ ಹೆಂಡತಿಯ ಕಣ್ಣು ಮೊದಲು ಹೋಗುವುದು ಅವರ ಅಡುಗೆಮನೆಯ ಕಡೆಗೆ. ನನ್ನ ಕಣ್ಣು ಬಚ್ಚಲಿನ ಬಾಗಿಲು ಹುಡುಕುತ್ತದೆ. ಆ ಬಾಗಿಲು ಹಾಲಿಗೆ ಎಷ್ಟು ಹತ್ತಿರ, ಚಿಲಕ ಸರಿಯಾಗಿ ಬೀಳುತ್ತದೆಯೋ ಇಲ್ಲವೋ, ಒಳಗಿರುವುದು ಕಮೋಡೋ ಇಂಡಿಯನ್ನೋ, ಇಷ್ಟೂ ಗೊತ್ತಾದ ಮೇಲೆಯೇ ನಾನು ಕುರ್ಚಿಗೆ ನೆಮ್ಮದಿಯಾಗಿ ಒರಗುವುದು. ಕಾಫಿಯೋ ಟೀಯೋ ಎಂದು ಅವರು ಕೇಳಿದರೆ ನನ್ನ ಉತ್ತರ ಆ ಬಾಗಿಲಿನ ಮೇಲೆ ನಿಂತಿರುತ್ತದೆ. ನಗಬೇಡಿ. ನೀವು ಗಂಡಸರಾಗಿದ್ದು ಅರವತ್ತು ದಾಟಿದರೆ ಈ ಕಣ್ಣು ನಿಮಗೂ ಬರಬಹುದು. ಬಾರದಿದ್ದರೆ ನಿಮ್ಮ ಪುಣ್ಯ.

ಹೀಗೆ ಹೇಳುತ್ತಿರುವವನು ಒಂದು ಕಾಲಕ್ಕೆ ಈ ವಿಷಯದಲ್ಲಿ ಭಾರೀ ಗಟ್ಟಿಗನೆಂದು ಹೆಸರಾದವನು. ನಾನು ಬಸ್ ಕಂಡಕ್ಟರ್ ಆಗಿದ್ದೆ. ಹೆಚ್ಚಿನ ಕಾಲ ಕೋಲಾರದಿಂದ ಶ್ರೀನಿವಾಸಪುರದ ಮೇಲೆ ನಮ್ಮೂರು ಗೌನಿಪಲ್ಲಿಗೆ, ಕೆಲವು ವರ್ಷ ಮುಳಬಾಗಿಲಿಗೆ. ಮುಳಬಾಗಿಲಿನಲ್ಲಿ ದೋಸೆ ತಿಂದು, ಮೇಲೆ ದೊಡ್ಡ ಲೋಟದ ತುಂಬ ಕಾಫಿ ಕುಡಿದು ಬಸ್ಸು ಹತ್ತಿದರೆ ಕೋಲಾರ ಬರುವವರೆಗೂ ನನಗೆ ಆ ನೆನಪೇ ಆಗುತ್ತಿರಲಿಲ್ಲ. ನಡುದಾರಿಯಲ್ಲಿ ಬಸ್ಸು ನಿಲ್ಲಿಸಪ್ಪಾ ಎಂದು ಗೋಗರೆಯುವ ತಾತಂದಿರನ್ನು ಕಂಡರೆ, ಇವರು ಹತ್ತುವ ಮೊದಲೇ ಮುಗಿಸಿಕೊಂಡು ಬರಬಾರದೇ ಎಂದು ಆಶ್ಚರ್ಯವಾಗುತ್ತಿತ್ತು. ಆ ತಾತಂದಿರೆಲ್ಲ ಈಗ ಎಲ್ಲೇ ಇದ್ದರೂ ನನ್ನನ್ನು ನೋಡಿ ಚೆನ್ನಾಗಿ ನಗುತ್ತಿರಬೇಕು.

ನಮ್ಮೂರಿನಲ್ಲಿ ನಾನು ಚಿಕ್ಕವನಾಗಿದ್ದಾಗ ದೊಡ್ಡವರು ಯಾರೂ ನಿಂತು ಒಂದಕ್ಕೆ ಹೋಗುತ್ತಿರಲಿಲ್ಲ. ನಮ್ಮಪ್ಪ ಮಾವಿನ ತೋಪಿನ ಬದುವಿನಾಚೆ ಹೋಗಿ, ಪಂಚೆ ಎತ್ತಿಕಟ್ಟಿ, ಕುಕ್ಕರುಗಾಲಿನಲ್ಲಿ ಕೂರುತ್ತಿದ್ದ. ಕೂತಲ್ಲಿಂದಲೇ ಆಳುಗಳಿಗೆ ಕೆಲಸ ಹೇಳುತ್ತಿದ್ದ, ಮರದಲ್ಲಿ ಹೂ ಎಷ್ಟು ಬಿಟ್ಟಿದೆ ಎಂದು ಲೆಕ್ಕ ಹಾಕುತ್ತಿದ್ದ. ಆತುರವೆಂಬುದೇ ಇರಲಿಲ್ಲ. ಸ್ಕೂಲಿನ ಹುಡುಗರಾದ ನಮ್ಮದು ಬೇರೆಯೇ ಪಂಥ. ಕಾಂಪೌಂಡ್ ಗೋಡೆಯ ಮುಂದೆ ಸಾಲಾಗಿ ನಿಂತು ಯಾರದು ಎತ್ತರಕ್ಕೆ ಹೋಗುತ್ತದೆ ಎಂದು ಪಂದ್ಯ ಕಟ್ಟುತ್ತಿದ್ದೆವು. ನಾನು ಆ ಪಂದ್ಯದಲ್ಲಿ ಗೆದ್ದದ್ದು ಹೆಚ್ಚು. ಈಗ ಇದನ್ನು ಹೇಳಿಕೊಳ್ಳುವುದಕ್ಕೆ ನಾಚಿಕೆಗಿಂತ ಹೊಟ್ಟೆಕಿಚ್ಚೇ ಜಾಸ್ತಿ ಆಗುತ್ತದೆ, ಅದೂ ನನ್ನ ಮೇಲೆ ನನಗೇ.

ನನ್ನ ಅಣ್ಣ ಮುನಿವೆಂಕಟಪ್ಪ ಆ ಪಂದ್ಯಕ್ಕೆ ಒಂದು ದಿನವೂ ಬರಲಿಲ್ಲ. ಅವನು ಅಪ್ಪನ ಹಾಗೆ ದೂರ ಹೋಗಿ ಕೂರುತ್ತಿದ್ದ. ಸ್ಕೂಲು ಬಿಟ್ಟು ತೋಪು ನೋಡಿಕೊಂಡ, ಜೊತೆಗೆ ಒಂದಿಷ್ಟು ಹಿಪ್ಪುನೇರಳೆ ಹಾಕಿದ, ಇವತ್ತಿನವರೆಗೂ ಪಂಚೆ ಬಿಟ್ಟು ಬೇರೇನೂ ಉಟ್ಟಿಲ್ಲ. ನನಗೆ ಖಾಕಿ ಪ್ಯಾಂಟು ಬಂತು. ಖಾಕಿ ಪ್ಯಾಂಟಿನಲ್ಲಿ ಕುಕ್ಕರುಗಾಲು ಹಾಕಲು ಪ್ರಯತ್ನಿಸಿದವರಿಗೆ ಗೊತ್ತು, ಮೊದಲು ಹೋಗುವುದು ಹೊಲಿಗೆ. ಹಾಗಾಗಿ ಹೊಟ್ಟೆಪಾಡಿಗಾಗಿ ನಾನು ನಿಂತವನು. ನಿಂತು ನಿಂತು ಅದೇ ಪೇಟೆಯವನ ಲಕ್ಷಣವೆಂದು ನಂಬಿಬಿಟ್ಟೆ.

ನಿವೃತ್ತಿಯಾಗಿ ಕೋಲಾರದಲ್ಲಿ ಮನೆ ಮಾಡಿದ ಮೇಲೆ ಶುರುವಾಯಿತು ನೋಡಿ. ಹೋಗಿ ನಿಲ್ಲುತ್ತೇನೆ. ಬರುತ್ತೇನೆ ಅನ್ನುತ್ತದೆ, ಬರುವುದಿಲ್ಲ. ಗೋಡೆಯ ಟೈಲ್ಸಿನ ಹೂವುಗಳನ್ನೆಲ್ಲ ಎಣಿಸಿ ಮುಗಿಸುತ್ತೇನೆ. ಕೊನೆಗೆ ತೊಟ್ಟು ತೊಟ್ಟಾಗಿ ಬಂದು ನಿಂತು, ಮುಗಿಯಿತೆಂದು ಹೊರಗೆ ಬಂದು ಕೂತರೆ ಮತ್ತೆ ಕರೆಯುತ್ತದೆ. ಕೋಲಾರದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಪ್ರಾಸ್ಟೇಟ್ ಗ್ರಂಥಿ ಊದಿಕೊಂಡು ಮೂತ್ರದ ದಾರಿಯನ್ನು ಒತ್ತುತ್ತಿದೆ ಎಂದರು. ನೆಲ್ಲಿಕಾಯಿ ಗಾತ್ರ ಇರಬೇಕಾದದ್ದು ಟೊಮೇಟೊ ಆಗಿದೆಯಂತೆ. ನಮ್ಮೂರ ಮಾರ್ಕೆಟ್ಟಿನಲ್ಲಿ ದಪ್ಪ ಟೊಮೇಟೊಗೆ ಒಳ್ಳೆಯ ಬೆಲೆ ಸಾರ್ ಎಂದೆ. ಅವರು ನಗಲಿಲ್ಲ. ಕ್ಯಾನ್ಸರಿನ ಅನುಮಾನವಿಲ್ಲವೆಂದು ಖಾತ್ರಿ ಮಾಡಿಕೊಂಡು ಮಾತ್ರೆ ಬರೆದರು. ಬರೆಯುತ್ತಲೇ ತಲೆಯೆತ್ತದೆ ಕೇಳಿದರು: “ನಿಂತ್ಕೊಂಡು ಹೋಗ್ತೀರೋ, ಕೂತ್ಕೊಂಡೋ?”

ಇಂಥ ಪ್ರಶ್ನೆಯನ್ನು ನನಗೆ ಹುಟ್ಟಿದಾಗಿನಿಂದ ಯಾರೂ ಕೇಳಿರಲಿಲ್ಲ. ಗಂಡಸು ಸಾರ್ ನಾನು, ನಿಂತ್ಕೊಂಡೇ ಎಂದೆ. ಆಗ ಅವರು ಪೆನ್ನು ಕೆಳಗಿಟ್ಟು ಸಮಾಧಾನವಾಗಿ ವಿವರಿಸಿದರು. ನಿಂತಾಗ ಸೊಂಟದ, ತೊಡೆಯ ಸ್ನಾಯುಗಳೆಲ್ಲ ನಮ್ಮನ್ನು ಎತ್ತಿ ಹಿಡಿಯುವುದಕ್ಕೆ ಬಿಗಿಯಾಗಿರುತ್ತವೆ. ಕೂತಾಗ ಅವು ಸಡಿಲವಾಗುತ್ತವೆ. ಆರೋಗ್ಯವಾಗಿರುವವನಿಗೆ ಹೇಗೆ ಹೋದರೂ ಒಂದೇ. ಗ್ರಂಥಿ ಊದಿದವನಿಗೆ ಮಾತ್ರ ಕೂತಾಗ ಸ್ವಲ್ಪ ಸರಾಗ, ಒಳಗೆ ಉಳಿಯುವುದೂ ಕಡಿಮೆ. ಪವಾಡವೇನಲ್ಲ, ಮಾತ್ರೆ ಬಿಡುವಂತಿಲ್ಲ, ಆದರೆ ಖರ್ಚಿಲ್ಲದ ಉಪಾಯ, ಮಾಡಿ ನೋಡಿ ಎಂದರು.

ಮಾಡಿ ನೋಡಿದೆ. ಮೊದಲ ದಿನ ಯಾರೋ ನೋಡುತ್ತಿದ್ದಾರೆ ಎನ್ನುವ ಹಾಗೆ ಚಿಲಕವನ್ನು ಎರಡೆರಡು ಸಲ ಹಾಕಿಕೊಂಡೆ. ಒಂದು ವಾರದಲ್ಲಿ ಟೈಲ್ಸಿನ ಹೂವು ಎಣಿಸುವುದು ನಿಂತಿತು. ನನ್ನ ಹೆಂಡತಿ ಮಾತ್ರ, ಇಷ್ಟು ವರ್ಷ ಬಚ್ಚಲು ಒರೆಸಿ ಒರೆಸಿ ನನ್ನ ಸೊಂಟ ಬಿತ್ತು, ಆ ಡಾಕ್ಟರು ಮೊದಲೇ ಸಿಗಬಾರದಿತ್ತೇ ಎಂದಳು.

ಇನ್ನು ಈ ಪುರಾಣವನ್ನೆಲ್ಲ ಯಾಕೆ ತೆಗೆದೆ ಎಂದರೆ, ಅಣ್ಣನ ಮಗಳು ಮಂಜುಳನ ಕಾರಣಕ್ಕೆ. ಅವಳನ್ನು ಮಾಲೂರಿಗೆ ಕೊಟ್ಟಿದೆ. ಕೊಟ್ಟಿದೆ ಎನ್ನುವುದಕ್ಕಿಂತ ಅವಳೇ ಹೋದಳು ಎನ್ನಬೇಕು. ಬೆಂಗಳೂರಿನಲ್ಲಿ ಕೆಲಸ ಮಾಡುವಾಗ ಸ್ನೇಹಿತೆಯೊಬ್ಬಳ ಜೊತೆ ಮಾಲೂರಿನಲ್ಲಿ ರೂಮು ಮಾಡಿಕೊಂಡು ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದಳು. ಅದೇ ರೈಲಿನ ಹುಡುಗ. ಅಣ್ಣನಿಗೆ ಅವಳನ್ನು ನಮ್ಮ ಅಕ್ಕನ ಮಗನಿಗೆ ಕೊಡುವ ಆಸೆಯಿತ್ತು. ಒಂದು ವಾರ ಮಾತು ಬಿಟ್ಟ. ಆಮೇಲೆ ತಾನೇ ಮುಂದೆ ನಿಂತು ಶ್ರೀನಿವಾಸಪುರದಲ್ಲಿ ಛತ್ರ ಹಿಡಿದು ಚೆನ್ನಾಗಿಯೇ ಮದುವೆ ಮಾಡಿದ. ಅಲ್ಲಿಗೆ ಎಲ್ಲ ಸರಿಹೋಯಿತೆಂದು ನಾವು ತಿಳಿದೆವು.

ನಮ್ಮ ಸೀಮೆಯಲ್ಲಿ ಒಂದು ರೂಢಿ ನಿಮಗೆ ಗೊತ್ತಿರಬಹುದು. ಒಬ್ಬರ ಮನೆಗೆ ಹೋದವರು ನೀರು ಮುಟ್ಟದೆ ಎದ್ದು ಬಂದರೆ ಅದಕ್ಕೆ ಒಂದೇ ಅರ್ಥ, ಮನಸ್ಸು ಮುರಿದಿದೆ. ನಮ್ಮ ದೊಡ್ಡಮ್ಮ ಬದುವಿನ ಜಗಳಕ್ಕೆ ಪಕ್ಕದ ಮನೆಯಲ್ಲಿ ನೀರು ಬಿಟ್ಟವಳು, ಸಾಯುವವರೆಗೆ ಮುಟ್ಟಲಿಲ್ಲ. ಆ ಮನೆಗೆ ಹೋಗುತ್ತಿದ್ದಳು, ಕೂರುತ್ತಿದ್ದಳು, ಮಾತಾಡುತ್ತಿದ್ದಳು, ಅವರ ಮಗುವಿಗೆ ಸ್ನಾನ ಮಾಡಿಸಿ ಬರುತ್ತಿದ್ದಳು. ನೀರು ಮಾತ್ರ ಇಲ್ಲ. ಬೈಗುಳಕ್ಕಿಂತ ಅದು ಹೆಚ್ಚು ಚುಚ್ಚುತ್ತಿತ್ತು.

ಅಣ್ಣ ಮಾಲೂರಿನ ಬೀಗರ ಮನೆಯಲ್ಲಿ ನೀರು ಕುಡಿಯುತ್ತಿಲ್ಲ ಎಂದು ಮಂಜುಳ ನನಗೆ ಫೋನು ಮಾಡಿದಳು. ಮದುವೆಯಾದಾಗಿನಿಂದ ಬಂದಾಗಲೆಲ್ಲ ಹೀಗೆಯೇ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂರುತ್ತಾನೆ, ಮಗುವನ್ನು ಎತ್ತಿಕೊಳ್ಳುತ್ತಾನೆ, ಏನು ಕೊಟ್ಟರೂ ಬೇಡ ಅನ್ನುತ್ತಾನೆ, ಬಸ್ಸಿಗೆ ಹೊತ್ತಾಯಿತೆಂದು ಎದ್ದುಬಿಡುತ್ತಾನೆ. ಅತ್ತೆ ಯಶೋದಮ್ಮ ಮೊದಮೊದಲು ಸುಮ್ಮನಿದ್ದವರು ಈಗ ಪ್ರತಿ ಮಾತಿಗೂ ಅದನ್ನೇ ತೆಗೆಯುತ್ತಿದ್ದಾರಂತೆ. ನಮ್ಮ ಮನೆಯ ನೀರು ನಿಮ್ಮಪ್ಪನಿಗೆ ಆಗದಿದ್ದರೆ ಮಗಳನ್ನು ಯಾಕೆ ಬಿಟ್ಟಿದ್ದಾರೆ ಎನ್ನುವವರೆಗೆ ಬಂದಿದೆಯಂತೆ. ಅಪ್ಪ ನಿಮ್ಮ ಹತ್ತಿರ ಏನಾದರೂ ಹೇಳಿದ್ದಾರಾ ಚಿಕ್ಕಪ್ಪ ಎಂದು ಕೇಳಿದಳು. ಏನೂ ಹೇಳಿಲ್ಲ ಎಂದೆ. ಅವಳಿಗೆ ಸಮಾಧಾನವಾಗಲಿಲ್ಲ.

ನಮ್ಮ ಕಡೆಯದೂ ಒಂದು ದೂರಿತ್ತು. ಬೀಗರು ನಾರಾಯಣಪ್ಪನವರು, ಮಾಲೂರಿನಲ್ಲಿ ಇಟ್ಟಿಗೆ ಗೂಡು ಇಟ್ಟವರು, ಪ್ರತಿ ಸಲ ಮಾವಿನ ಕಾಲದಲ್ಲಿ ಕರೆದರೂ ಗೌನಿಪಲ್ಲಿಗೆ ಬಂದಿರಲಿಲ್ಲ. ಇದನ್ನು ನಮ್ಮ ಅತ್ತಿಗೆ ಮರೆತಿರಲಿಲ್ಲ. ಇಟ್ಟಿಗೆ ದುಡ್ಡಿನ ಕೊಬ್ಬು ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದಳು. ಹೀಗೆ ಎರಡೂ ಮನೆ ಒಳಗೊಳಗೇ ಬೇಯುತ್ತಿದ್ದಾಗ ಮಂಜುಳನ ಮಗನ ಮೊದಲ ಹುಟ್ಟುಹಬ್ಬ ಬಂತು. ಅತ್ತಿಗೆ ಕಾಲುನೋವೆಂದು ನಿಂತಳು. ಅಣ್ಣನನ್ನು ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು.

ಬೆಳಿಗ್ಗೆ ಅಣ್ಣ ಗೌನಿಪಲ್ಲಿಯ ಬಸ್ಸಿನಲ್ಲಿ ಕೋಲಾರಕ್ಕೆ ಬಂದಿಳಿದ. ನಡಿಗೆ ನಿಧಾನವಾಗಿತ್ತು, ಮೊಣಕಾಲು ಹಿಡಿದುಕೊಂಡೇ ಮೆಟ್ಟಿಲಿಳಿದ. ಟೀ ಕುಡಿಯೋಣವೇ ಎಂದೆ, ಬೇಡ ಎಂದ. ಎಳನೀರು ಎಂದೆ, ಅದೂ ಬೇಡ. ಒಳ್ಳೆಯದೇ ಆಯಿತು ಎಂದುಕೊಂಡೆ, ಏಕೆಂದರೆ ಪ್ರಯಾಣವಿದ್ದ ದಿನ ನಾನೂ ಏನೂ ಕುಡಿಯುವುದಿಲ್ಲ. ಆಮೇಲೆ ಅವನು ಸ್ವಲ್ಪ ಬರ್ತೀನಿ ಇರು ಎಂದು ಬಸ್‌ಸ್ಟ್ಯಾಂಡಿನ ಶೌಚಾಲಯದ ಕಡೆ ಹೊರಟ. ನಾನೂ ಹಿಂದೆಯೇ ಹೋದೆ.

ಅಲ್ಲಿ ಅಕ್ಕಪಕ್ಕ ನಿಂತೆವು. ಕೂರುವ ಅನುಕೂಲ ಅಲ್ಲೆಲ್ಲಿ ಬರಬೇಕು. ನಮ್ಮ ಆಚೆ ಈಚೆ ಜನ ಬಂದರು, ಹೋದರು, ಮತ್ತೆ ಬಂದರು. ಒಬ್ಬ ಹುಡುಗ ಫೋನಿನಲ್ಲಿ ಮಾತಾಡುತ್ತಲೇ ಕೆಲಸ ಮುಗಿಸಿ ಹೋದ. ನಾವಿಬ್ಬರು ಮಾತ್ರ ಹಾಗೆಯೇ ನಿಂತಿದ್ದೆವು. ನಾನು ಅವನಿಗೆ ಕಾಯುತ್ತಿದ್ದೇನೆ ಎಂದು ಅವನು ತಿಳಿದಿರಬೇಕು, ಅವನು ನನಗೆ ಕಾಯುತ್ತಿದ್ದಾನೆ ಎಂದು ನಾನು ತಿಳಿದಿದ್ದೆ. ಬಹಳ ಹೊತ್ತಾದ ಮೇಲೆ ನಾನು ಓರೆಗಣ್ಣಿನಲ್ಲಿ ನೋಡಿದೆ. ಅಣ್ಣ ಒಂದು ಕೈಯನ್ನು ಗೋಡೆಗೆ ಊರಿ, ಕಣ್ಣು ಮುಚ್ಚಿಕೊಂಡಿದ್ದ. ಹಣೆಯಲ್ಲಿ ಬೆವರಿತ್ತು. ಆ ಮುಖ ನನಗೆ ಚೆನ್ನಾಗಿ ಗೊತ್ತಿದ್ದ ಮುಖ, ನಮ್ಮ ಮನೆಯ ಬಚ್ಚಲಿನ ಕನ್ನಡಿಯಲ್ಲಿ ಎಷ್ಟೋ ಸಲ ನೋಡಿದ್ದೆ.

ಹೊರಗೆ ಬಂದು ಮಾಲೂರಿನ ಬಸ್ಸು ಹತ್ತಿದೆವು. ನೀರು ಬಿಟ್ಟಿರುವುದರ ಗುಟ್ಟು ನನಗೆ ಹೊಳೆದಿತ್ತು. ಆದರೆ ಕೇಳುವುದು ಹೇಗೆ? ಒಂದೇ ತಟ್ಟೆಯಲ್ಲಿ ಮುದ್ದೆ ಉಂಡು ಬೆಳೆದವರು ನಾವು. ತೋಪಿನ ವಿಷಯ, ನನ್ನ ಸಾಲ, ಅವನ ಸೊಸೆಯ ಸಿಡುಕು, ಎಲ್ಲ ಮಾತಾಡುತ್ತೇವೆ. ಸೊಂಟದಿಂದ ಕೆಳಗಿನದು ಮಾತ್ರ ನಮ್ಮ ಮನೆತನದಲ್ಲಿ ಯಾರಿಗೂ ಇರಲೇ ಇಲ್ಲವೆನ್ನುವ ಹಾಗೆ ಬದುಕಿದ್ದೇವೆ. ಎರಡು ಸಲ ಬಾಯಿ ತೆರೆದೆ. ಒಂದು ಸಲ ಈ ವರ್ಷ ಹೂವು ಹೇಗಿದೆ ಎಂದು ಕೇಳಿದೆ. ಇನ್ನೊಂದು ಸಲ ಮಗುವಿಗೆ ಏನು ತಂದೆ ಎಂದು ಕೇಳಿದೆ. ಬೆಳ್ಳಿ ಉಡುದಾರ ತಂದಿದ್ದ.

ನಾವು ಹೋದಾಗ ನೆಂಟರಿನ್ನೂ ಬಂದಿರಲಿಲ್ಲ. ಅಳಿಯ ಕೇಕು ತರಲು ಹೋಗಿದ್ದ. ನಾರಾಯಣಪ್ಪನವರು ಹಾಲಿನಲ್ಲಿ ಪೇಪರು ಓದುತ್ತಿದ್ದರು. ಅಣ್ಣ ಮಗುವಿಗೆ ಉಡುದಾರ ಕಟ್ಟಿ, ಅದೇ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತ. ಯಶೋದಮ್ಮ ತಾವೇ ಬೆಳ್ಳಿ ಲೋಟದಲ್ಲಿ ಮಜ್ಜಿಗೆ ತಂದರು. ಬೇಡಮ್ಮಾ ಎಂದ ಅಣ್ಣ. ನೀರಾದರೂ ಎಂದರು. ಅದಕ್ಕೂ ಕೈಯಾಡಿಸಿದ. ಅವರು ಲೋಟವನ್ನು ಟೀಪಾಯಿಯ ಮೇಲೆ ಕುಕ್ಕಿ ಒಳಗೆ ಹೋದರು. ಅಡುಗೆಮನೆಯಿಂದ ಅವರ ಮಾತು ನಮಗೆ ಕೇಳಲೆಂದೇ ಬಂತು. ನೀರು ಮುಟ್ಟದವರಿಗೆ ಊಟ ಯಾಕೆ ಬಡಿಸಬೇಕು, ಇವತ್ತು ನೆಂಟರ ಮುಂದೆಯೂ ಹೀಗೇ ಮಾಡಿದರೆ ಮಾನ ಹೋಗುವುದು ನಮ್ಮದೇ, ನಿಮ್ಮಪ್ಪನ ಜೊತೆಗೆ ನೀನೂ ಹೊರಡಬಹುದು ಎಂದರು.

ನಿಜ ಹೇಳಿದರೆ ಹುಡುಗಿ ಉಳಿಯುತ್ತಾಳೆ, ಆದರೆ ಬೀಗಿತ್ತಿಯ ಮುಂದೆ ಅಣ್ಣನ ಉಚ್ಚೆಯ ಸಮಾಚಾರ ಎತ್ತುವುದು ಯಾವ ಬಾಯಿಂದ? ನಾನು ಹೀಗೆ ಹಿಂದೆ ಮುಂದೆ ನೋಡುತ್ತಿರುವಾಗ ಅಣ್ಣ ಎದ್ದು ನಿಂತ. ಹೊರಟೇಬಿಡುತ್ತಾನೆ ಎಂದು ನಾನು ಹೆದರಿದೆ. ಅವನು ಎರಡು ಹೆಜ್ಜೆ ಅಡುಗೆಮನೆಯ ಕಡೆಗೆ ಹೋಗಿ ಅವರನ್ನು ಕರೆದ. ಯಶೋದಮ್ಮ ಬಾಗಿಲಿಗೆ ಬಂದರು. ಹಿಂದೆ ಮಂಜುಳ.

“ಅಮ್ಮಾ, ನಿಮ್ಮನೆ ಮೇಲೆ ನಂಗೇನೂ ಕೋಪ ಇಲ್ಲ,” ಎಂದ ಅಣ್ಣ. ಜೋರಾಗಿ ಹೇಳಲಿಲ್ಲ, ನೆಲ ನೋಡಿಕೊಂಡು ಹೇಳಿದ. “ನಂಗೆ ಒಂದಕ್ಕೆ ಸರಿಯಾಗಿ ಹೋಗಲ್ಲ. ಮೊದ್ಲು ಕೂತ್ಕೊಂಡ್ರೆ ಹೋಗ್ತಿತ್ತು. ಈಗ ಮೊಣಕಾಲು ಬಗ್ಗಲ್ಲ. ನಿಂತ್ಕೊಂಡ್ರೆ ಬರಲ್ಲ. ನೀರು ಕುಡಿದ್ರೆ ಹೋಗ್ಬೇಕಾಗ್ತದೆ, ಹೋದ್ರೆ ಅಲ್ಲೇ ಹೊತ್ತು ಮುಳುಗ್ತದೆ. ಬೀಗರ ಮನೇಲಿ ಅಷ್ಟೊತ್ತು ಬಚ್ಲಲ್ಲಿದ್ರೆ ನಾಚ್ಕೆ ಅಲ್ವಾ. ಅದಕ್ಕೇ ಕುಡಿಯಲ್ಲ. ನನ್ ಮಗ್ಳಿಗೆ ಏನೂ ಅನ್ಬೇಡಿ ತಾಯಿ.”

ಆಗ ನಾರಾಯಣಪ್ಪನವರು ಪೇಪರನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. “ನಂದೂ ಅದೇ ಕಾಯ್ಲೆ ಬೀಗರೇ,” ಎಂದರು. “ನಂಗೆ ಕಮೋಡ್ ಮೇಲೆ ಕೂತ್ರೇನೇ ಆಗೋದು. ನಿಮ್ಮನೇಲಿ ಇಂಡಿಯನ್ ಅಂತ ಮಂಜುಳ ಒಂದ್ಸಲ ಅಂದಿದ್ಲು. ಅದಕ್ಕೇ ನಿಮ್ಮೂರ ಕಡೆ ತಲೆ ಹಾಕಿಲ್ಲ. ಏನಂದ್ಕೊಂಡ್ರೋ ಏನೋ.” ನಮ್ಮ ಅತ್ತಿಗೆ ಏನಂದುಕೊಂಡಿದ್ದಳು ಎನ್ನುವುದನ್ನು ನಾನು ಹೇಳಹೋಗಲಿಲ್ಲ. ಅದರ ಬದಲಿಗೆ, ಇಂಥ ಹೊತ್ತಿನಲ್ಲಿ ಹಿಂದೆ ಬೀಳಬಾರದೆಂದು, ನನ್ನದೂ ಅದೇ ಎಂದುಬಿಟ್ಟೆ.

ಯಶೋದಮ್ಮ ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದರು. ಪೊಲೀಸ್ ಸ್ಟೇಷನ್ನಿನಲ್ಲಿ ಸಾಲಾಗಿ ನಿಲ್ಲಿಸಿದವರ ಹಾಗೆ ಇದ್ದೆವು ನಾವು. ಗಂಡನ ಈ ಸಂಗತಿ ಅವರಿಗೂ ಅಷ್ಟಾಗಿ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಹೆಂಗಸರಾಗಿದ್ದರೆ ಮೊದಲ ದಿನವೇ ಒಬ್ಬರಿಗೊಬ್ಬರು ಹೇಳಿಕೊಂಡು ಮದ್ದು ಹುಡುಕಿರುತ್ತಿದ್ದೆವು, ನೀವು ನೋಡಿದರೆ ಎರಡು ಸಂಸಾರ ಒಡೆಯುವವರೆಗೆ ಬಾಯಿ ಮುಚ್ಚಿಕೊಂಡಿದ್ದಿರಿ ಎಂದರು. ಹೇಳಿ ಅಲ್ಲೇ ಕುರ್ಚಿಯ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ನಾರಾಯಣಪ್ಪನವರು ಅಣ್ಣನ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋದರು. ಅಣ್ಣನದೊಂದು ಅನುಮಾನವಿತ್ತು. ಕಮೋಡು ಎರಡಕ್ಕೆ ಮಾತ್ರ ಎಂದು ಅವನು ಇಷ್ಟು ದಿನ ತಿಳಿದಿದ್ದ. ಬೀಗರ ಮನೆಗೆ ಬಂದ ಕೂಡಲೇ ಅದರ ಮೇಲೆ ಹೋಗಿ ಕೂತರೆ ಏನೆಂದುಕೊಂಡಾರು ಎಂಬುದು ಅವನ ಸಂಕೋಚ. ಅಯ್ಯೋ ಅದು ಕುರ್ಚಿ ಇದ್ದ ಹಾಗೆ, ಯಾವುದಕ್ಕೆ ಕೂತರೂ ಬೇಡವೆನ್ನುವುದಿಲ್ಲ ಎಂದು ನಾರಾಯಣಪ್ಪನವರು ಬಾಗಿಲು ಹಾಕಿಸಿದರು. ಹಾಕಿಸಿದವರು ಅಲ್ಲಿಂದ ಹೋಗದೆ ಹೊರಗಿನಿಂದಲೇ ಪಾಠ ಶುರುಮಾಡಿದರು. ಪಾದ ಎರಡೂ ನೆಲಕ್ಕೆ ಊರಬೇಕು, ಸ್ವಲ್ಪ ಮುಂದಕ್ಕೆ ಬಾಗಬೇಕು, ತಿಣುಕಬಾರದು, ಮುಗಿಯಿತು ಅನ್ನಿಸಿದ ಮೇಲೂ ಸ್ವಲ್ಪ ಕೂತಿದ್ದು ಇನ್ನೊಂದು ಸಲ ನೋಡಬೇಕು. ಹೊಸ ಡ್ರೈವರಿಗೆ ಹಿಂದೆ ನಿಂತು ಹೇಳುವವರ ಧಾಟಿ. ನಾನು ಸೂರು ನೋಡುತ್ತಾ ಕೂತಿದ್ದೆ.

ಅಣ್ಣ ಬೇಗ ಹೊರಗೆ ಬಂದ ಎಂದರೆ ಸುಳ್ಳಾಗುತ್ತದೆ. ಆದರೆ ಬಸ್‌ಸ್ಟ್ಯಾಂಡಿನಷ್ಟು ಹೊತ್ತಾಗಲಿಲ್ಲ, ಬಂದಾಗ ಹಣೆಯಲ್ಲಿ ಬೆವರೂ ಇರಲಿಲ್ಲ. ಪಂಚೆ ಸರಿಮಾಡಿಕೊಳ್ಳುತ್ತಾ ನಾರಾಯಣಪ್ಪನವರಿಗೆ, ಮಾವಿನ ಕಾಲಕ್ಕೆ ನೀವು ಬರಲೇಬೇಕು, ಅಷ್ಟರಲ್ಲಿ ಇಂಥದ್ದೊಂದನ್ನು ನಮ್ಮನೆಯಲ್ಲೂ ಕೂರಿಸಿರುತ್ತೇನೆ ಎಂದ. ಬೀಗರನ್ನು ಇಂಥ ಏರ್ಪಾಡಿನ ಭರವಸೆ ಕೊಟ್ಟು ಕರೆದವರು ಗೌನಿಪಲ್ಲಿಯಲ್ಲಿ ಅವನೇ ಮೊದಲಿರಬೇಕು. ಬರ್ತೀನಿ ಎಂದರು ಅವರು. ಅದಕ್ಕೂ ಮೊದಲು ನೀನು ನನ್ನ ಡಾಕ್ಟರ ಹತ್ತಿರ ಬರಬೇಕು, ಕೂತರೆ ಮಾತ್ರ ಸಾಲದು ಎಂದು ನಾನು ಅಣ್ಣನಿಗೆ ಹೇಳಿದೆ. ಆಯ್ತು ಬಿಡಪ್ಪಾ ಎಂದ.

ಯಶೋದಮ್ಮ ಎದ್ದು ಟೀಪಾಯಿಯ ಮೇಲಿದ್ದ ಮಜ್ಜಿಗೆಯ ಲೋಟವನ್ನು ಅಣ್ಣನ ಕೈಗೆ ಕೊಟ್ಟರು. ಅಣ್ಣ ಎತ್ತಿ ಕುಡಿದ. ಪೂರ್ತಿ ಕುಡಿದ. ಅವನ ಗಂಟಲು ಏಳುತ್ತಾ ಇಳಿಯುತ್ತಾ ಇದ್ದುದನ್ನು ಅವರು ನೋಡುತ್ತಲೇ ನಿಂತಿದ್ದರು. ಆಮೇಲೆ, ನಿಮ್ಮಪ್ಪನಿಗೆ ನೀರು ತಗೊಂಡು ಬಾಮ್ಮ ಎಂದು ಸೊಸೆಗೆ ಹೇಳಿದರು. ಅವರ ದನಿ ಮೆತ್ತಗಾಗಿತ್ತು. ಮಂಜುಳ ಒಳಗೆ ಹೋದಳು. ಹೋದವಳು ಬರಲಿಲ್ಲ.

ನಾನೇ ಎದ್ದು ನೋಡಿದೆ. ಫಿಲ್ಟರಿನ ಮುಂದೆ ಚೊಂಬು ಹಿಡಿದು ನಿಂತಿದ್ದಾಳೆ. ಚೊಂಬು ತುಂಬಿ ಕೈ ಮೇಲೆ ಹರಿಯುತ್ತಿದೆ, ಅವಳಿಗೆ ಗಮನವಿಲ್ಲ. ನಾನು ಕೊಳಾಯಿ ನಿಲ್ಲಿಸಿದೆ. ಅತ್ತೆಯ ಮಾತಿಗೆ ಇಷ್ಟು ದಿನ ಅತ್ತಿರದ ಹುಡುಗಿ ಈಗ ಅಳುತ್ತಿದ್ದಳು. ಎಲ್ಲ ಸರಿಹೋಯಿತಲ್ಲಮ್ಮಾ ಎಂದೆ.

“ಅತ್ತೆ ಅಂದಿದ್ದಕ್ಕಲ್ಲ ಚಿಕ್ಕಪ್ಪಾ,” ಎಂದಳು. “ನಾನು ನನ್ನಿಷ್ಟದ ಮದುವೆ ಮಾಡ್ಕೊಂಡೆ ಅಂತ ಅಪ್ಪ ನನ್ನ ಕೈ ನೀರು ಬಿಟ್ಟಿದ್ದಾರೆ ಅಂತ ನಾನೇ ಅಂದ್ಕೊಂಡಿದ್ದೆ.”

ನಾನು ಹೊರಗೆ ಬಂದು ಅಣ್ಣನಿಗೆ, ನೀರು ಇಲ್ಲಿಗೆ ಬರುವುದಿಲ್ಲ, ಒಳಗೆ ಹೋಗಿ ಅವಳ ಕೈಯಿಂದ ನೀನೇ ಇಸಕೊಂಡು ಕುಡಿ ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದ, ಬೀಗರ ಅಡುಗೆಮನೆಗೆ ಮೊದಲ ಸಲ ಕಾಲಿಟ್ಟ.